ಕೈ ಕಲಿತದ್ದನ್ನು ಕಿತ್ತುಕೊಳ್ಳಬೇಡಿ

(ಇದು ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಾಡಿದ್ದನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನನ್ನ ಜೊತೆ ಒಂದು ನೋಟ್‌ಬುಕ್ ತಂದಿದ್ದೇನೆ. ನಮ್ಮ ಅಮ್ಮನದು. ಅಮ್ಮ ಕಂಪ್ಯೂಟರ್ ಕಲಿತದ್ದು ಅರವತ್ತು ದಾಟಿದ ಮೇಲೆ. ಒಂದೊಂದು ಕೆಲಸಕ್ಕೆ ಒಂದೊಂದು ಪುಟ ಮಾಡಿಕೊಂಡಿದ್ದಾರೆ. ಫೋಟೋ ಕಾಪಿ ಮಾಡುವ ಪುಟ ಓದುತ್ತೇನೆ, ಕೇಳಿ. "ವೈರ್ ಹಾಕಬೇಕು. ಶಬ್ದ ಬರೋ ತನಕ ಕಾಯಬೇಕು. ಫೋಟೋ ಅಂತ ಬರೆದಿರೋ ಫೋಲ್ಡರ್ ಎರಡು ಸಲ ಒತ್ತಬೇಕು. ಎಲ್ಲಾ ಫೋಟೋ ಆರಿಸಬೇಕು. ಮೇಲುಗಡೆ ಎಡದಿಂದ ಮೂರನೇ ಪದ ಒತ್ತಬೇಕು. ಅವಸರ ಮಾಡಬಾರದು." ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಎರಡು ವರ್ಷ ಈ ಪುಟ ಕೆಲಸ ಮಾಡಿತು. ಆಮೇಲೆ ಒಂದು ರಾತ್ರಿ ಅಪ್‌ಡೇಟ್ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಮೇಲುಗಡೆ ಪದಗಳೇ ಇಲ್ಲ. ಪದಗಳಿದ್ದ ಜಾಗದಲ್ಲಿ ಸಣ್ಣ ಸಣ್ಣ ಚಿತ್ರಗಳು, ಎಲ್ಲವೂ ಒಂದೇ ಬಣ್ಣ, ಎಲ್ಲವೂ ತೆಳ್ಳನೆ ಗೆರೆಯವು. ಎಡದಿಂದ ಮೂರನೆಯದು ಈಗ ಬೇರೆ ಏನೋ. ಅಮ್ಮ ಫೋನ್ ಮಾಡಿದರು. "ಏನೋ ಹಾಳು ಮಾಡ್ಬಿಟ್ಟೆ ಅನ್ಸತ್ತೆ ಕಣೋ, ನೀನೇ ಬಂದು ನೋಡು" ಅಂದರು.

ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅಮ್ಮ ಏನೂ ಹಾಳು ಮಾಡಿರಲಿಲ್ಲ. ದೂರದಲ್ಲೆಲ್ಲೋ ಕೂತ ಯಾರೋ ಒಂದು ತೀರ್ಮಾನ ತಗೊಂಡಿದ್ದರು, ಅದು ರಾತ್ರೋರಾತ್ರಿ ಇವರ ಪರದೆಯ ಮೇಲೆ ಬಂದು ಕೂತಿತ್ತು, ಯಾಕೆ ಬಂತು ಏನು ಬದಲಾಯಿತು ಅಂತ ಒಂದು ಸಾಲೂ ಹೇಳಿರಲಿಲ್ಲ, ಆದರೆ ತಪ್ಪು ಮಾತ್ರ ತನ್ನದೇ ಅಂತ ಅಮ್ಮ ಅಂದುಕೊಂಡಿದ್ದರು. ನಾನು ಹೋಗಿ ನೋಡಿದಾಗ ಆ ಪುಟವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ಆಮೇಲಿನ ಪುಟಗಳೆಲ್ಲ ಪೆನ್ಸಿಲ್‌ನಲ್ಲಿವೆ, ನೋಡಿ. ಅಳಿಸೋಕೆ ಸುಲಭ ಅಂತ.

ನಾನು ಇವತ್ತು ಹೇಳಬೇಕಾದದ್ದು ಇಷ್ಟೇ. ಕಂಪ್ಯೂಟರ್ ಬಳಸುವವರ ಕೈ ನಿಧಾನಕ್ಕೆ ಒಂದಿಷ್ಟು ಕಲಿಯುತ್ತದೆ. ಯಾವ ಮೂಲೆಯಲ್ಲಿ ಏನಿದೆ, ಯಾವುದು ಒತ್ತಿದರೆ ಏನಾಗುತ್ತದೆ, ಯಾವುದಕ್ಕೆ ಎಷ್ಟು ಕಾಯಬೇಕು. ರಾತ್ರಿ ಕತ್ತಲಲ್ಲಿ ಎದ್ದು ಲೈಟ್ ಸ್ವಿಚ್ ಹುಡುಕುವಾಗ ಯೋಚನೆ ಮಾಡ್ತೀವಾ? ಕೈ ತಾನಾಗಿ ಹೋಗುತ್ತದೆ. ಈ ಕಲಿಕೆ ಬಳಸುವವರ ಸ್ವಂತ ದುಡಿಮೆ, ದಿನಗಟ್ಟಲೆ ಕೂತು ಸಂಪಾದಿಸಿದ್ದು. ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಮಾಡುವವರು ಅದನ್ನು ತಮ್ಮದು ಅನ್ನುವ ಹಾಗೆ ಎತ್ತಿಟ್ಟು, ಬೇರೆ ಕಡೆ ಹಾಕಿ, ಕೆಲವು ಸಲ ಎಸೆದೇ ಬಿಡುತ್ತಾರೆ. ನನ್ನ ಸಿಟ್ಟೆಲ್ಲ ಅಲ್ಲಿಂದಲೇ ಬರುವುದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಮೌಸ್, ವಿಂಡೋ, ಐಕಾನ್ ಇರುವ ಪರದೆ ನಮಗೆ ಈಗ ಗಾಳಿ ನೀರಿನ ಹಾಗೆ ಅನ್ನಿಸುತ್ತದೆ, ಆದರೆ ಇದನ್ನು ಯಾರೋ ಕೂತು ಯೋಚಿಸಿ ಮಾಡಿದ್ದು. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಆಲ್ಟೊ ಎಂಬ ಕಂಪ್ಯೂಟರ್ ಬಂತು. 1981ರಲ್ಲಿ ಅದೇ ಕಂಪನಿಯ ಸ್ಟಾರ್ ಮಾರುಕಟ್ಟೆಗೆ ಬಂತು, ಪರದೆಯನ್ನು ಆಫೀಸಿನ ಮೇಜಿನ ಹಾಗೆ ತೋರಿಸಿದ್ದು ಅದು. 1983ರಲ್ಲಿ ಆ್ಯಪಲ್‌ನ ಲಿಸಾ, 1984ರಲ್ಲಿ ಮ್ಯಾಕಿಂತೋಷ್, 1985ರಲ್ಲಿ ಮೊದಲ ವಿಂಡೋಸ್.

ಇವನ್ನೆಲ್ಲ ಮಾಡಿದವರಲ್ಲಿ ನನಗೆ ತುಂಬಾ ಇಷ್ಟವಾದವರು ಲ್ಯಾರಿ ಟೆಸ್ಲರ್. ಪಾರ್ಕ್‌ನಲ್ಲಿದ್ದವರು, ಆಮೇಲೆ ಆ್ಯಪಲ್‌ಗೆ ಹೋದರು, 2020ರಲ್ಲಿ ತೀರಿಕೊಂಡರು. ನಾವು ದಿನಾ ಮಾಡುವ ಕಟ್, ಕಾಪಿ, ಪೇಸ್ಟ್ ಹಿಂದೆ ಅವರ ಕೆಲಸ ಇದೆ. ಅವರ ಜೀವಮಾನದ ಹಟ ಒಂದೇ ಆಗಿತ್ತು. ಒಂದೇ ಕೀ ಒಂದು ಸಲ ಒಂದು ಕೆಲಸ, ಇನ್ನೊಂದು ಸಲ ಇನ್ನೊಂದು ಕೆಲಸ ಮಾಡಬಾರದು. ಆಗಿನ ಎಡಿಟರ್‌ಗಳಲ್ಲಿ, ಅಂದರೆ ಬರೆಯುವ ಪ್ರೋಗ್ರಾಂಗಳಲ್ಲಿ, ಅಕ್ಷರ ಸೇರಿಸಬೇಕಾದರೆ ಒಂದು ಸ್ಥಿತಿ, ಅಳಿಸಬೇಕಾದರೆ ಇನ್ನೊಂದು ಸ್ಥಿತಿ. ಯಾವ ಸ್ಥಿತಿಯಲ್ಲಿ ಇದ್ದೀವಿ ಅನ್ನೋದು ಮರೆತರೆ ಬರೆದದ್ದು ಹಾಳು. ಈ ಸ್ಥಿತಿಗಳಿಗೆ ಮೋಡ್ ಅಂತಾರೆ. ಟೆಸ್ಲರ್ ತಮ್ಮ ಕಾರಿನ ನಂಬರ್ ಪ್ಲೇಟಿಗೂ 'ನೋ ಮೋಡ್ಸ್' ಅಂತ ಹಾಕಿಸಿಕೊಂಡಿದ್ದರು. ಕ್ಯಾಪ್ಸ್ ಲಾಕ್ ಆನ್ ಆಗಿರೋದು ಗೊತ್ತಾಗದೆ ಪಾಸ್‌ವರ್ಡ್ ಮೂರು ಸಲ ತಪ್ಪಾಗಿ ಹೊಡೆದವರಿಗೆ ಅವರ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ.

ಲಿಸಾ ತಯಾರಾಗುತ್ತಿದ್ದಾಗ ಹೊರಗಿನ ಜನರನ್ನು ಕರೆದು ಮುಂದೆ ಕೂರಿಸಿ, ಅವರು ಬಳಸುವುದನ್ನು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಒಂದು ಬಟನ್ ಮೇಲೆ 'ಡೂ ಇಟ್' ಅಂತ ಬರೆದಿತ್ತು, ಅಂದರೆ 'ಮಾಡು' ಅಂತ. ಬಳಸುತ್ತಿದ್ದ ಒಬ್ಬರಿಗೆ ಅದನ್ನು ನೋಡಿ ಸಿಟ್ಟು ಬಂತು. ವಿಚಾರಿಸಿದರೆ, ಆ ಫಾಂಟಿನಲ್ಲಿ ಎರಡು ಪದಗಳ ನಡುವೆ ಜಾಗ ಸಾಲದೆ, ದೊಡ್ಡ ಐ ಅಕ್ಷರ ಸಣ್ಣ ಎಲ್ ಹಾಗೆ ಕಂಡು, ಅವರು ಅದನ್ನು 'ಡೋಲ್ಟ್' ಅಂತ ಓದಿದ್ದರು. ಡೋಲ್ಟ್ ಅಂದರೆ ದಡ್ಡ. ಈ ಯಂತ್ರ ನನ್ನನ್ನು ಯಾಕೆ ದಡ್ಡ ಅಂತಿದೆ ಅಂತ ಅವರ ಪ್ರಶ್ನೆ. ಬಟನ್ ಮೇಲಿನ ಮಾತನ್ನು 'ಓಕೆ' ಅಂತ ಬದಲಾಯಿಸಿದರು. ನಾವು ಇವತ್ತಿಗೂ ದಿನಕ್ಕೆ ಹತ್ತಾರು ಸಲ ಒತ್ತುವ ಓಕೆ ಅದೇ.

ಈ ಕಥೆ ನನಗೆ ಯಾಕೆ ಮುಖ್ಯ ಅಂದರೆ, ಅವತ್ತು ಆ ಮನುಷ್ಯನಿಗೆ ಅನ್ನಿಸಿದ್ದೂ ನಮ್ಮ ಅಮ್ಮನಿಗೆ ಅನ್ನಿಸಿದ್ದೂ ಒಂದೇ. ಕಂಪ್ಯೂಟರ್ ನನ್ನನ್ನು ದಡ್ಡ ಅಂತಿದೆ. ವ್ಯತ್ಯಾಸ ಏನಂದರೆ ಅವತ್ತು ಪಕ್ಕದಲ್ಲಿ ಒಬ್ಬರು ಕೂತು ನೋಡುತ್ತಿದ್ದರು, ಅದಕ್ಕೇ ಅದು ಸರಿಹೋಯಿತು.

ಈಗ ಒಂದೇ ಒಂದು ಬಟನ್ನಿನ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ.

ವಿಂಡೋಸ್ 95 ಮಾಡುವಾಗ ಮೈಕ್ರೋಸಾಫ್ಟ್‌ನವರು ಕೂಡ ಜನರನ್ನು ಕೂರಿಸಿ ಪರೀಕ್ಷೆ ಮಾಡಿದರು. ಹೊಸಬರಿಗೆ ಒಂದು ಪ್ರೋಗ್ರಾಂ ತೆರೆಯುವುದೇ ಕಷ್ಟವಾಗುತ್ತಿತ್ತು. ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಮೊದಲು ಮೂರು ಬೇರೆ ಬೇರೆ ಬಟನ್ ಇಟ್ಟು ನೋಡಿದರು. ಕೊನೆಗೆ ಎಲ್ಲವನ್ನೂ ಒಂದೇ ಬಟನ್ ಮಾಡಿ, ಕೆಳಗೆ ಎಡ ಮೂಲೆಯಲ್ಲಿ ಇಟ್ಟು, ಅದರ ಮೇಲೆ ಬಿಡಿಸಿ ಬರೆದರು, 'ಸ್ಟಾರ್ಟ್' ಅಂತ. ಅಷ್ಟೂ ಸಾಲದು ಅಂತ ಮೊದಲ ಸಲ ತೆರೆದಾಗ 'ಶುರು ಮಾಡಲು ಇಲ್ಲಿ ಒತ್ತಿ' ಅನ್ನುವ ಬರಹ ಬಾಣದ ಸಮೇತ ಪರದೆಯ ಕೆಳಗಿನ ಪಟ್ಟಿ, ಅಂದರೆ ಟಾಸ್ಕ್‌ಬಾರ್ ಮೇಲೆ ಜಾರಿಕೊಂಡು ಬಂದು ಆ ಬಟನ್ನಿಗೆ ತಾಗುತ್ತಿತ್ತು. ನೋಡಿ, ಎಷ್ಟು ಕಾಳಜಿ ಇದೆ ಅದರಲ್ಲಿ.

ಆ ಮೂಲೆಯ ಜಾಗಕ್ಕೂ ಒಂದು ಅರ್ಥ ಇದೆ. 1954ರಲ್ಲಿ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಕೈಯಲ್ಲಿ ಒಂದು ಕಡ್ಡಿ, ಮುಂದೆ ಎರಡು ಲೋಹದ ತಗಡು, ಒಂದಾದ ಮೇಲೆ ಒಂದನ್ನು ಮುಟ್ಟುತ್ತಾ ಹೋಗಬೇಕು. ತಗಡು ದೂರ ಇದ್ದಷ್ಟೂ, ಅಗಲ ಕಡಿಮೆ ಆದಷ್ಟೂ ಮುಟ್ಟಲು ಜಾಸ್ತಿ ಹೊತ್ತು ಬೇಕು. ಇದನ್ನು ಸೂತ್ರ ಮಾಡಿ ಕೊಟ್ಟರು. ಆಮೇಲೆ ಪಾರ್ಕ್‌ನವರು ಇದೇ ಸೂತ್ರ ಮೌಸ್‌ಗೂ ಹೊಂದುತ್ತದೆ ಅಂತ ತೋರಿಸಿದರು. ಈಗ ಪರದೆಯ ಮೂಲೆಯನ್ನು ಯೋಚನೆ ಮಾಡಿ. ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಕರ್ಸರ್ ಮೂಲೆ ದಾಟಿ ಹೋಗಲ್ಲ, ಅಲ್ಲೇ ನಿಲ್ಲುತ್ತದೆ. ಅಂದರೆ ಮೂಲೆಯಲ್ಲಿರುವ ಬಟನ್ ಕೈಗೆ ಬಹಳ ದೊಡ್ಡದು. ಗುರಿಯೇ ಇಡಬೇಕಾಗಿಲ್ಲ, ಕಣ್ಣು ಮುಚ್ಚಿ ತಳ್ಳಿದರೂ ಸಿಗುತ್ತದೆ. ಮ್ಯಾಕ್‌ನಲ್ಲಿ ಮೆನು ಯಾವಾಗಲೂ ಪರದೆಯ ಮೇಲಂಚಿಗೇ ಅಂಟಿಕೊಂಡಿರುವುದರ ಲಾಭವೂ ಇದೇ.

ಈಗ ಆ ಬಟನ್ನಿಗೆ ಮುಂದೆ ಏನಾಯಿತು ನೋಡಿ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ 'ಸ್ಟಾರ್ಟ್' ಅನ್ನುವ ಪದ ಹೋಯಿತು, ಬರೀ ಒಂದು ದುಂಡನೆ ಲೋಗೋ ಉಳಿಯಿತು. ಅಷ್ಟೊತ್ತಿಗೆ ಜನರಿಗೆ ಜಾಗ ಗೊತ್ತಿತ್ತು, ಹಾಗಾಗಿ ನಡೆಯಿತು. 2012ರ ಅಕ್ಟೋಬರ್‌ನಲ್ಲಿ ವಿಂಡೋಸ್ 8 ಬಂತು, ಬಟನ್ನೇ ಇಲ್ಲ! ಹದಿನೇಳು ವರ್ಷ ಕೋಟ್ಯಂತರ ಕೈಗಳು ಹೋಗುತ್ತಿದ್ದ ಮೂಲೆ ಖಾಲಿ. ಮೂಲೆಗೆ ಮೌಸ್ ತಗೊಂಡು ಹೋದರೆ ಒಂದು ಸಣ್ಣ ಚಿತ್ರ ಇಣುಕುತ್ತಿತ್ತು, ಒತ್ತಿದರೆ ಇಡೀ ಪರದೆ ತುಂಬಾ ಬಣ್ಣದ ಚೌಕಗಳು. ಕಂಪ್ಯೂಟರ್ ಆರಿಸೋದು ಹೇಗೆ ಅಂತಲೇ ಜನ ಒಬ್ಬರನ್ನೊಬ್ಬರು ಕೇಳಿಕೊಂಡು ತಿರುಗಿದರು. 2013ರಲ್ಲಿ 8.1 ಬಂದಾಗ ಬಟನ್ ವಾಪಸ್ ಬಂತು, ಆದರೆ ಒತ್ತಿದರೆ ಅದೇ ಚೌಕಗಳು. ನಿಜವಾದ ಮೆನು ತಿರುಗಿ ಬಂದದ್ದು 2015ರಲ್ಲಿ, ವಿಂಡೋಸ್ 10 ಜೊತೆ. 2021ರಲ್ಲಿ ವಿಂಡೋಸ್ 11 ಬಂತು, ಬಟನ್ ಮೂಲೆ ಬಿಟ್ಟು ನಡುವಿಗೆ ಬಂತು.

ನಡುವೆ ಅಂದರೆ ಒಂದು ಕಡೆ ಗಟ್ಟಿಯಾಗಿ ಕೂತಿದ್ದರೆ ಹೇಗೋ ಒಗ್ಗಿಕೊಳ್ಳಬಹುದಿತ್ತು. ಟಾಸ್ಕ್‌ಬಾರ್‌ನ ಐಕಾನ್‌ಗಳೆಲ್ಲ ಒಟ್ಟಾಗಿ ನಡುವಿಗೆ ಜೋಡಿಸಿಕೊಂಡಿರುತ್ತವೆ, ಅದರಲ್ಲಿ ಮೊದಲನೆಯದು ಈ ಬಟನ್. ಹೊಸ ಪ್ರೋಗ್ರಾಂ ತೆರೆದರೆ ಸಾಲು ಉದ್ದವಾಗುತ್ತದೆ, ಬಟನ್ ಸ್ವಲ್ಪ ಎಡಕ್ಕೆ ಸರಿಯುತ್ತದೆ. ಮುಚ್ಚಿದರೆ ಬಲಕ್ಕೆ ಬರುತ್ತದೆ. ಅಂದರೆ ಈಗ ಕೈ ಏನನ್ನು ಕಲಿಯಬೇಕು? ಪ್ರತಿ ಸಲ ಕಣ್ಣು ಹುಡುಕಬೇಕು, ಆಮೇಲೆ ಕೈ ಹೋಗಬೇಕು. ಸೆಟ್ಟಿಂಗ್ಸ್‌ಗೆ ಹೋಗಿ ಮತ್ತೆ ಎಡಕ್ಕೆ ತರಬಹುದು ಅಂತ ನನಗೆ ಗೊತ್ತು. ಅಮ್ಮನಿಗೆ ಗೊತ್ತಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಕೈ ಆಡಿಸೋಕೆ ಹೆದರುವ ಎಷ್ಟೋ ಜನರಿಗೂ ಗೊತ್ತಿಲ್ಲ. ಬಹಳ ಜನ ಬಳಸುವುದು ಬಂದ ಹಾಗೇ ಇರುವುದನ್ನು. ಅದಕ್ಕೇ ಬಂದ ಹಾಗೆ ಹೇಗಿರುತ್ತದೆ ಅನ್ನೋದು ತುಂಬಾ ಮುಖ್ಯ.

ಒಂದು ಕಂಪನಿಯನ್ನೇ ಹಿಡಿದು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಕಡೆ 2011ರಲ್ಲಿ ನೋಮ್ 3 ಎಂಬ ಹೊಸ ಪರದೆಯ ವಿನ್ಯಾಸ ಬಂದಾಗ ವಿಂಡೋ ಕೆಳಗಿಳಿಸುವ, ದೊಡ್ಡದು ಮಾಡುವ ಬಟನ್‌ಗಳನ್ನೇ ತೆಗೆದುಬಿಟ್ಟಿದ್ದರು. ಅಲ್ಲಿ ಒಂದು ದಾರಿ ಇತ್ತು. ಹಳೆಯದು ಬೇಕು ಅಂದವರು ಹಳೆಯ ಕೋಡ್ ತಗೊಂಡು ಮಾಟೆ ಅಂತ ಬೇರೆಯೇ ನಡೆಸಿಕೊಂಡು ಹೋದರು, ಇನ್ನು ಕೆಲವರು ಸಿನ್ನಮನ್ ಕಟ್ಟಿದರು. ಎರಡೂ ಇವತ್ತಿಗೂ ಇವೆ. ಆ್ಯಪಲ್ ಕಡೆ 2022ರ ಮ್ಯಾಕ್ ಆವೃತ್ತಿ ವೆಂಚುರಾದಲ್ಲಿ ಸೆಟ್ಟಿಂಗ್ಸ್ ಇರುತ್ತಿದ್ದ ಹಳೆಯ ಸಿಸ್ಟಮ್ ಪ್ರಿಫರೆನ್ಸಸ್ ತೆಗೆದು ಫೋನಿನ ಹಾಗೆ ಉದ್ದನೆ ಪಟ್ಟಿ ಮಾಡಿದರು, ಎಲ್ಲಿದ್ದದ್ದು ಎಲ್ಲಿಗೆ ಹೋಯಿತು ಅಂತ ಹುಡುಕುವುದೇ ಒಂದು ಕೆಲಸ. 2025ರಲ್ಲಿ ಲಿಕ್ವಿಡ್ ಗ್ಲಾಸ್ ಅನ್ನುವ ಹೊಸ ವಿನ್ಯಾಸ ಬಂತು, ಎಲ್ಲವೂ ಗಾಜಿನ ಹಾಗೆ, ಹಿಂದಿನದು ಮುಂದೆ ಕಾಣುತ್ತದೆ, ಓದೋಕೆ ಕಷ್ಟ ಅಂತ ಜನ ಹೇಳಿದರು, ಆಮೇಲೆ ಗಾಜನ್ನು ಮಸುಕು ಮಾಡಿಕೊಳ್ಳುವ ಆಯ್ಕೆ ಕೊಟ್ಟರು.

ಜಾಗ ಬದಲಾಯಿಸುವುದು ಒಂದು. ಇದಕ್ಕಿಂತ ನನಗೆ ಜಾಸ್ತಿ ನೋವು ಕೊಡುವುದು ಬಚ್ಚಿಡುವುದು.

ಸ್ಕ್ರೋಲ್‌ಬಾರ್ ತಗೊಳ್ಳಿ. ಪರದೆಯ ಬಲಗಡೆ ಇರುವ ಆ ಪಟ್ಟಿ ಸುಮ್ನೆ ಎಳೆಯೋಕೆ ಮಾತ್ರ ಇರುವುದಲ್ಲ. ಕೆಳಗೆ ಇನ್ನೂ ಇದೆ, ಇಷ್ಟು ಇದೆ, ನೀವು ಇಲ್ಲಿದ್ದೀರಿ ಅಂತ ಒಂದೇ ನೋಟಕ್ಕೆ ಹೇಳುತ್ತದೆ. 2011ರಲ್ಲಿ ಮ್ಯಾಕ್‌ನ ಲಯನ್ ಆವೃತ್ತಿಯಲ್ಲಿ ಅದು ಮರೆಯಾಗುವುದು ಶುರುವಾಯಿತು, ಉಳಿದವರೂ ಅದೇ ದಾರಿ ಹಿಡಿದರು. ನಾನು ಒಂದು ಸಲ ಒಬ್ಬ ಹಿರಿಯರ ಪಕ್ಕ ಕೂತಿದ್ದೆ. ಅವರು ಒಂದು ಅರ್ಜಿ ತುಂಬುತ್ತಿದ್ದರು. ಹೆಸರು, ವಿಳಾಸ, ಜನ್ಮದಿನಾಂಕ ಎಲ್ಲಾ ತುಂಬಿ ಮುಗಿಸಿದರು. ಆಮೇಲೆ ಕೈ ಕಟ್ಟಿಕೊಂಡು ಕೂತರು. ಪರದೆ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ. "ಇದು ಮುಂದಕ್ಕೇ ಹೋಗ್ತಿಲ್ಲ" ಅಂದರು. ಕಳುಹಿಸುವ ಬಟನ್ ಕೆಳಗಿತ್ತು, ಎರಡು ಬೆರಳಷ್ಟು ಕೆಳಗೆ. ಪುಟ ಸರಿಯಾಗಿ ಒಂದು ಬಿಳಿ ಜಾಗದಲ್ಲಿ ಕತ್ತರಿಸಿತ್ತು, ಸ್ಕ್ರೋಲ್‌ಬಾರ್ ಕಾಣುತ್ತಿರಲಿಲ್ಲ, ಕೆಳಗೆ ಇನ್ನೊಂದು ಲೋಕ ಇದೆ ಅಂತ ಅವರಿಗೆ ಯಾರು ಹೇಳಬೇಕು? ಅವರು ಎಷ್ಟು ಹೊತ್ತು ಕಾಯುತ್ತಿದ್ದರೋ ಏನೋ, ನಾನು ಪಕ್ಕದಲ್ಲಿ ಇಲ್ಲದೇ ಹೋಗಿದ್ದರೆ.

ಬಚ್ಚಿಡುವುದರಿಂದ ದೊಡ್ಡ ಅನಾಹುತವೇ ಆದ ಉದಾಹರಣೆ ಇದೆ. ಫೈಲ್ ಹೆಸರಿನ ಕೊನೆಗೆ ಚುಕ್ಕೆ ಹಾಕಿ ಮೂರು ನಾಲ್ಕು ಅಕ್ಷರ ಬರುತ್ತವಲ್ಲ, ಅದು ಯಾವ ಬಗೆಯ ಫೈಲ್ ಅಂತ ಹೇಳುವುದು. ವಿಂಡೋಸ್‌ನಲ್ಲಿ ಅದನ್ನು ಮರೆಮಾಡಿಯೇ ಕೊಡುತ್ತಾರೆ, ನೋಡೋಕೆ ಚೊಕ್ಕ ಅನ್ನಿಸಲಿ ಅಂತ. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ವೈರಸ್ ಬಂತು. ಈಮೇಲ್ ಜೊತೆ ಒಂದು ಪ್ರೇಮಪತ್ರ. ಫೈಲಿನ ಹೆಸರು ಡಾಟ್ ಟಿಎಕ್ಸ್‌ಟಿ ಅಂತ ಮುಗಿಯುವ ಹಾಗೆ ಕಾಣುತ್ತಿತ್ತು, ಅಂದರೆ ಬರೀ ಬರಹ, ತೆರೆದರೆ ಅಪಾಯ ಇಲ್ಲ. ನಿಜವಾದ ಕೊನೆ ಅದರ ಮುಂದೆ ಇತ್ತು, ಡಾಟ್ ವಿಬಿಎಸ್ ಅಂತ, ಅದು ಪ್ರೋಗ್ರಾಂ. ಅದನ್ನೇ ಪರದೆ ಮರೆಮಾಡಿತ್ತು. ಪ್ರಪಂಚದ ತುಂಬಾ ಲಕ್ಷಗಟ್ಟಲೆ ಕಂಪ್ಯೂಟರ್‌ಗಳಿಗೆ ಹರಡಿತು. ಒತ್ತಿದವರಿಗೆಲ್ಲ ಬೈಗುಳ ಬಿತ್ತು, ಗೊತ್ತಿಲ್ಲದ ಫೈಲ್ ಯಾಕೆ ತೆರೆದಿರಿ ಅಂತ. ಅವರಿಗೆ ಕಾಣಿಸಿದ್ದೇ ಸುಳ್ಳಾಗಿತ್ತಲ್ಲ! ಇಷ್ಟಾದ ಮೇಲೂ ಆ ಮರೆಮಾಚುವಿಕೆ ಇವತ್ತಿಗೂ ಹಾಗೇ ಬರುತ್ತಿದೆ.

ಪದ ತೆಗೆದು ಚಿತ್ರ ಹಾಕುವುದೂ ಬಚ್ಚಿಡುವುದೇ. ಕಸದ ಬುಟ್ಟಿ, ಪ್ರಿಂಟರ್, ಭೂತಗನ್ನಡಿ, ಇವೆಲ್ಲ ಸರಿ, ಯಾರಿಗಾದರೂ ಗೊತ್ತಾಗುತ್ತದೆ. ಮೂರು ಚುಕ್ಕೆ, ಮೂರು ಗೆರೆ, ಚೌಕದಿಂದ ಹೊರಗೆ ಹೋಗುವ ಬಾಣ, ಚೌಕದ ಒಳಗೆ ಬರುವ ಬಾಣ, ಇವನ್ನೆಲ್ಲ ಹೇಗೆ ಓದಬೇಕು? ಅಮ್ಮನ ಪುಟದಲ್ಲಿದ್ದ 'ಮೂರನೇ ಪದ' ಪದವಾಗಿಯೇ ಇದ್ದಿದ್ದರೆ, ಅದು ಐದನೆಯದಾಗಿದ್ದರೂ ಅಮ್ಮ ಓದಿ ಹುಡುಕುತ್ತಿದ್ದರು.

ಇನ್ನೊಂದು ವಿಷಯ, ಇದು ನನ್ನ ಸ್ವಂತ ಅನುಭವ. ಇದನ್ನು ನಿಧಾನಕ್ಕೆ ಹೇಳಬೇಕು, ಯಾಕೆಂದರೆ ನಡೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ನಾನು ಕೈಬರಹದ ಒಂದು ಹಾಳೆ ನೋಡಿಕೊಂಡು ಟೈಪ್ ಮಾಡುತ್ತಿದ್ದೆ. ಕಣ್ಣು ಹಾಳೆಯ ಮೇಲೆ, ಬೆರಳು ಕೀಬೋರ್ಡ್ ಮೇಲೆ. ಒಂದು ಪ್ಯಾರಾ ಮುಗಿಯಿತು, ಎಂಟರ್ ಒತ್ತಿದೆ. ಅದೇ ಕ್ಷಣಕ್ಕೆ ಸರಿಯಾಗಿ ಪರದೆಯ ನಡುವೆ ಒಂದು ಪೆಟ್ಟಿಗೆ ಎದ್ದಿತ್ತು. ನನ್ನ ಎಂಟರ್ ಹೋಗಿ ಅದರ ಮೇಲೆ ಬಿತ್ತು. ಪೆಟ್ಟಿಗೆ ಏನೋ ಕೇಳಿತು, ನಾನು ಹೂಂ ಅಂದಿದ್ದೆ. ಏನು ಕೇಳಿತು ಅಂತ ಓದೋಕೂ ಆಗಲಿಲ್ಲ. ತಲೆ ಎತ್ತಿದಾಗ ವಿಂಡೋಗಳು ಒಂದೊಂದಾಗಿ ಮುಚ್ಚುತ್ತಿದ್ದವು, ಪರದೆ ಕಪ್ಪಾಯಿತು, ಕಂಪ್ಯೂಟರ್ ತನ್ನಷ್ಟಕ್ಕೆ ಮತ್ತೆ ಶುರುವಾಯಿತು. ಎರಡು ಪುಟ ಹೋಗಿತ್ತು.

ಇದಕ್ಕೆ ಫೋಕಸ್ ಕಿತ್ತುಕೊಳ್ಳುವುದು ಅಂತಾರೆ. ನಾನು ಒಬ್ಬರ ಜೊತೆ ಮಾತಾಡುತ್ತಿರುವಾಗ ಮೂರನೆಯವರು ಬಂದು ನಡುವೆ ನಿಂತು, ನನ್ನ ಬಾಯಿಂದ ಬಂದ ಮುಂದಿನ ಮಾತನ್ನು ತಮಗೆ ಹೇಳಿದ್ದು ಅಂತ ತಗೊಂಡ ಹಾಗೆ. ಈ ತೊಂದರೆ ಹೊಸದೂ ಅಲ್ಲ, ಪರಿಹಾರ ಗೊತ್ತಿಲ್ಲದ್ದೂ ಅಲ್ಲ. ವಿಂಡೋಸ್ 98ರ ಕಾಲದಿಂದಲೇ ಒಂದು ನಿಯಮ ಇದೆ, ಹಿಂದಿರುವ ಪ್ರೋಗ್ರಾಂ ತಾನಾಗಿ ಮುಂದೆ ನುಗ್ಗುವ ಹಾಗಿಲ್ಲ, ಟಾಸ್ಕ್‌ಬಾರ್‌ನಲ್ಲಿ ಮಿನುಗಿ ಕರೆಯಬೇಕು. ಆ ನಿಯಮಕ್ಕೆ ಸಂದುಗಳಿವೆ, ನುಗ್ಗುವವರು ನುಗ್ಗುತ್ತಾರೆ. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಫೈಲ್ ಇಳಿಸಿಕೊಳ್ಳಬೇಕಾ ಅಂತ ಕೇಳುವ ಪೆಟ್ಟಿಗೆ ಬಂದಾಗ ಅದರ ಬಟನ್ ಒಂದು ಸೆಕೆಂಡಿನಷ್ಟು ಹೊತ್ತು ಮಸುಕಾಗಿರುತ್ತದೆ, ಒತ್ತಿದರೂ ಕೇಳಲ್ಲ. ಅಷ್ಟೇ ಸಾಕು. ಒಂದು ಸೆಕೆಂಡ್. ಅಷ್ಟು ಹೊತ್ತು ಕಾಯುವ ಪೆಟ್ಟಿಗೆ ಎಲ್ಲ ಕಡೆ ಇದ್ದಿದ್ದರೆ ನನ್ನ ಎರಡು ಪುಟ ಉಳಿಯುತ್ತಿತ್ತು.

ಒತ್ತುವ ಮುಂಚೆ ಪಟ್ಟಿ ಜರುಗುವುದೂ ಇದೇ ಜಾತಿಯದು. ಹುಡುಕುವ ಜಾಗದಲ್ಲಿ ಹೆಸರು ಟೈಪ್ ಮಾಡ್ತೀರಿ, ಬೇಕಾದ್ದು ಮೊದಲನೆಯದಾಗಿ ಬರುತ್ತದೆ, ಒತ್ತಲು ಹೋಗ್ತೀರಿ, ಅಷ್ಟರಲ್ಲಿ ಇಂಟರ್ನೆಟ್‌ನಿಂದ ಇನ್ನೇನೋ ಬಂದು ಮೇಲೆ ಕೂರುತ್ತದೆ. ನೀವು ಒತ್ತಿದ್ದು ಅದನ್ನು. ಎಲ್ಲರಿಗೂ ಆಗಿದೆ, ಅಲ್ವಾ?

ಕಾಯಿಸುವುದರ ಬಗ್ಗೆ ಎರಡೇ ಮಾತು. ಹತ್ತನೇ ಒಂದು ಸೆಕೆಂಡಿನಲ್ಲಿ ಉತ್ತರ ಬಂದರೆ ಕೂಡಲೇ ಆಯಿತು ಅನ್ನಿಸುತ್ತದೆ, ಒಂದು ಸೆಕೆಂಡ್ ದಾಟಿದರೆ ಯೋಚನೆ ತುಂಡಾಗುತ್ತದೆ, ಹತ್ತು ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಈ ಲೆಕ್ಕದ ಮೂಲ 1968ರಷ್ಟು ಹಳೆಯದು. ಎಷ್ಟು ಕೆಲಸ ಮುಗಿಯಿತು ಅಂತ ತೋರಿಸುವ ಪಟ್ಟಿ ಇದ್ದರೆ ಜನ ಅದನ್ನೇ ಇಷ್ಟಪಡುತ್ತಾರೆ ಅಂತ ಬ್ರಾಡ್ ಮೈಯರ್ಸ್ 1985ರಲ್ಲೇ ತೋರಿಸಿದ್ದರು. ಈಗ ಆ ಪಟ್ಟಿಯ ಜಾಗದಲ್ಲಿ ಎಷ್ಟೋ ಕಡೆ ಸುತ್ತುವ ಚುಕ್ಕೆಗಳು. ಎಷ್ಟು ಆಯಿತು, ಎಷ್ಟು ಉಳಿದಿದೆ, ನಿಂತೇ ಹೋಗಿದೆಯಾ, ಏನೂ ತಿಳಿಯದು.

ಕೊನೆಗೆ, ನಂಬಿಕೆಯನ್ನೇ ಮುರಿದ ಒಂದು ಪ್ರಸಂಗ. ವಿಂಡೋದ ಮೂಲೆಯ ಎಕ್ಸ್ ಗುರುತು ಒತ್ತಿದರೆ ಏನರ್ಥ? ಬೇಡ, ಮುಚ್ಚು. ಅಷ್ಟೇ. 2016ರಲ್ಲಿ ವಿಂಡೋಸ್ 7, 8 ಬಳಸುತ್ತಿದ್ದವರಿಗೆ ವಿಂಡೋಸ್ 10ಕ್ಕೆ ಬನ್ನಿ ಅಂತ ಒಂದು ಪೆಟ್ಟಿಗೆ ಪದೇ ಪದೇ ಬರುತ್ತಿತ್ತು. ಇಂಥ ದಿನ ಇಷ್ಟು ಹೊತ್ತಿಗೆ ಅಪ್‌ಗ್ರೇಡ್ ಆಗುತ್ತದೆ ಅಂತ ಅದರಲ್ಲಿ ಬರೆದಿರುತ್ತಿತ್ತು. ಜನ ಎಕ್ಸ್ ಒತ್ತಿ ಮುಚ್ಚಿದರು, ಬೇಡ ಅಂತ ಹೇಳಿದ್ದೀವಿ ಅಂದುಕೊಂಡರು. ಆದರೆ ಮುಚ್ಚಿದರೂ ಗೊತ್ತುಮಾಡಿದ ಹೊತ್ತು ಹಾಗೇ ಉಳಿಯುತ್ತಿತ್ತು. ಮರುದಿನ ಬಂದು ನೋಡಿದರೆ ಕಂಪ್ಯೂಟರ್ ಬೇರೆಯೇ ಆಗಿರುತ್ತಿತ್ತು. ಗಲಾಟೆ ಜೋರಾದ ಮೇಲೆ ಬೇಡ ಅನ್ನುವ ಆಯ್ಕೆಯನ್ನು ಸ್ಪಷ್ಟವಾಗಿ ಕೊಟ್ಟರು. ಆದರೆ ಎರಡು ದಶಕ ಒಂದೇ ಅರ್ಥ ಇದ್ದ ಗುರುತಿಗೆ ಒಂದು ಸಲ ಬೇರೆ ಅರ್ಥ ಕೊಟ್ಟಾಗಿತ್ತು. ಇವತ್ತಿಗೂ ಅಮ್ಮ ಎಕ್ಸ್ ಒತ್ತುವ ಮುಂಚೆ ನನ್ನನ್ನು ಕೇಳುತ್ತಾರೆ. ಈಗೀಗ ಎಷ್ಟೋ ಕಡೆ 'ಬೇಡ' ಅನ್ನುವ ಬಟನ್ನೇ ಇರುವುದಿಲ್ಲ, ಇರುವುದು 'ಈಗ' ಮತ್ತು 'ಆಮೇಲೆ' ಎರಡೇ. ಬೇಡ ಅನ್ನೋಕೆ ಅವಕಾಶ ಇಲ್ಲದ ಪ್ರಶ್ನೆ ಪ್ರಶ್ನೆಯೇ ಅಲ್ಲ ಅಂತ ನನ್ನ ಅಭಿಪ್ರಾಯ.

ಮಾಡುವವರ ಕಷ್ಟವೂ ನನಗೆ ಗೊತ್ತು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಎಲ್ಲರಿಗೂ ಬೆರಳಿನಿಂದ ಮುಟ್ಟುವ ಪರದೆಯ ಯೋಚನೆಯೇ ಆಯಿತು. ವಿಂಡೋಸ್ 8ರ ಚೌಕಗಳು ಬೆರಳಿಗೆ ಸರಿಯಾಗಿಯೇ ಇದ್ದವು, ಮೌಸ್ ಹಿಡಿದವರಿಗೆ ಸರಿ ಇರಲಿಲ್ಲ. ಒಂದೇ ಪರದೆ ಇಬ್ಬರಿಗೂ ಆಗಲಿ ಅಂದದ್ದೇ ಎಡವಟ್ಟಾಯಿತು. ಬದಲಾವಣೆಯೇ ಬೇಡ ಅಂತಲೂ ನಾನು ಹೇಳುವುದಿಲ್ಲ. ವಿಂಡೋಸ್ 7ರಲ್ಲಿ ವಿಂಡೋವನ್ನು ಅಂಚಿಗೆ ಎಳೆದರೆ ಅರ್ಧ ಪರದೆಗೆ ಕೂರುವುದು ಬಂತಲ್ಲ, ಅದನ್ನು ನಾನು ದಿನಾ ಬಳಸುತ್ತೇನೆ. ಅದು ಹೊಸದನ್ನು ಕೊಟ್ಟಿತು, ಹಳೆಯದನ್ನು ಮುಟ್ಟಲಿಲ್ಲ. ಮ್ಯಾಕ್‌ನಲ್ಲಿ ಮೊದಲು ವಿಂಡೋ ದೊಡ್ಡದು ಮಾಡಲು ಬಲಗಡೆ ಕೆಳಗಿನ ಮೂಲೆ ಮಾತ್ರ ಹಿಡಿಯಬೇಕಿತ್ತು. 2011ರಿಂದ ಯಾವ ಅಂಚು ಹಿಡಿದರೂ ಆಗುತ್ತದೆ, ಹಳೆಯ ಮೂಲೆಯೂ ಇದೆ. ಬದಲಾವಣೆ ಹೀಗೆ ಬಂದರೆ ಯಾರಿಗೆ ಬೇಜಾರು?

ಇಷ್ಟು ನನ್ನ ಮಾತು. ಪ್ರಶ್ನೆ ಇದ್ದರೆ ಕೇಳಿ.

ಪ್ರಶ್ನೆ: ಹೊಸ ತಲೆಮಾರಿನವರು ಎರಡು ದಿನದಲ್ಲಿ ಕಲಿತುಬಿಡುತ್ತಾರೆ. ಹಳಬರಿಗಾಗಿ ಎಲ್ಲವನ್ನೂ ಹಾಗೇ ಇಡಬೇಕಾ ಸರ್?

ಎರಡು ದಿನ ಅಂದಿರಲ್ಲ, ಆ ಎರಡು ದಿನ ಯಾರದು? ಬಳಸುವವರದು. ಕೋಟಿ ಜನರ ಎರಡೆರಡು ದಿನ ಲೆಕ್ಕ ಹಾಕಿ. ಅದಕ್ಕೆ ಬದಲಾಗಿ ಅವರಿಗೆ ಏನಾದರೂ ಸಿಕ್ಕಿದೆಯಾ ಅಂತ ಕೇಳಬೇಕು. ಸಿಕ್ಕಿದ್ದರೆ ಸಂತೋಷ, ನಾನೇ ಮುಂದೆ ನಿಂತು ಅಮ್ಮನಿಗೆ ಹೊಸ ಪುಟ ಬರೆದುಕೊಡುತ್ತೇನೆ. ಬಟನ್ ಎಡದಿಂದ ನಡುವಿಗೆ ಬಂದದ್ದರಿಂದ ಯಾರಿಗೆ ಏನು ಸಿಕ್ಕಿತು ಅಂತ ನಾನು ತುಂಬಾ ಯೋಚನೆ ಮಾಡಿದ್ದೇನೆ, ನನಗೆ ಏನೂ ಹೊಳೆದಿಲ್ಲ. ಇನ್ನೊಂದು, ಬೇಗ ಕಲಿಯುವವರೂ ಕೆಲಸದ ನಡುವೆ ಇರುವಾಗ ಕಲಿಯೋಕೆ ಕೂತಿರಲ್ಲ. ಅವರಿಗೂ ಕೈ ತಡಕಾಡುತ್ತದೆ, ಅವರು ಹೇಳಿಕೊಳ್ಳುವುದಿಲ್ಲ ಅಷ್ಟೇ.

ಪ್ರಶ್ನೆ: ಇವತ್ತೇ ಮನೆಗೆ ಹೋಗಿ ಮಾಡಬಹುದಾದ್ದು ಏನಾದರೂ ಇದೆಯಾ?

ಇದೆ. ಎರಡು ಕೆಲಸ. ಮೊದಲನೆಯದು ಸ್ಕ್ರೋಲ್‌ಬಾರ್. ವಿಂಡೋಸ್ 11 ಇದ್ದರೆ ಸೆಟ್ಟಿಂಗ್ಸ್ ತೆರೆದು, ಆ್ಯಕ್ಸೆಸಿಬಿಲಿಟಿ ಒಳಗೆ ವಿಶುವಲ್ ಎಫೆಕ್ಟ್ಸ್ ಅಂತ ಇದೆ, ಅಲ್ಲಿ ಸ್ಕ್ರೋಲ್‌ಬಾರ್ ಯಾವಾಗಲೂ ಕಾಣಿಸಲಿ ಅನ್ನುವುದನ್ನು ಆನ್ ಮಾಡಿ. ಮ್ಯಾಕ್ ಇದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಅಪಿಯರೆನ್ಸ್ ಒಳಗೆ ಇದೆ, 'ಆಲ್ವೇಸ್' ಅಂತ ಆರಿಸಿ. ಎರಡನೆಯದು ಫೈಲ್ ಹೆಸರಿನ ಕೊನೆ. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು ಮೇಲಿನ 'ವ್ಯೂ' ಮೆನುವಿನಲ್ಲಿ 'ಶೋ' ಒಳಗೆ ಹೋದರೆ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಅಂತ ಇದೆ, ಅದಕ್ಕೆ ಟಿಕ್ ಹಾಕಿ. ಒಂದೈದು ನಿಮಿಷದ ಕೆಲಸ. ನಿಮ್ಮದು ಮುಗಿದ ಮೇಲೆ ಮನೆಯಲ್ಲಿ ಹಿರಿಯರು ಬಳಸುವ ಕಂಪ್ಯೂಟರ್ ಇದ್ದರೆ ಅದರಲ್ಲೂ ಮಾಡಿಕೊಡಿ, ಮಾಡುವ ಮುಂಚೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನು ಬದಲಾಯಿಸುತ್ತಿದ್ದೀರಿ ಅಂತ ಹೇಳಿ.